ಕರಿ ಹಲಗೆಯ ಗುಂಡು ಅಕ್ಷರ

ಪೇಂಟರ್ ಮಾಮಾ ಅವರ ಬಲಗೈ ಕಿರುಬೆರಳಿನ ಉಗುರಿನಲ್ಲಿ ಬಿಳಿ ಬಣ್ಣ ಮೆತ್ತಿಕೊಂಡೇ ಇರುತ್ತಿತ್ತು. ಆ ಬೆರಳನ್ನು ಹಲಗೆಗೆ ಊರಿ, ಉಳಿದ ಕೈ ತಿರುಗಿಸಿ ಅಕ್ಷರ ಬರೆಯುತ್ತಿದ್ದರು. ಎಲ್ಲ ಅಕ್ಷರವೂ ಮೈಕೈ ತುಂಬಿಕೊಂಡು ದಪ್ಪಗೆ, ಎಲ್ಲಿಯೂ ಚೂಪು ಮೂಲೆಯಿಲ್ಲದೆ ಗುಂಡಗೆ. ಮಹಾರಾಷ್ಟ್ರದ ಇಚಲಕರಂಜಿಯ ನಮ್ಮ ಚೌಕದಲ್ಲೊಂದು ಕರಿ ಹಲಗೆಯಿತ್ತು. ಓಣಿಯಲ್ಲಿ ಯಾರೇ ತೀರಿಕೊಂಡರೂ ಅವರ ಹೆಸರನ್ನು ಅದರ ಮೇಲೆ ಮರಾಠಿಯಲ್ಲಿ ಬರೆಯುವುದು ಮಾಮಾರ ಕೆಲಸ. ಪಾಳಿ ಮುಗಿಸಿ ಬಂದ ಮಂದಿ ಮೊದಲು ಹಲಗೆ ನೋಡಿ, ಆಮೇಲೆ ಚಹಾಕ್ಕೆ ಹೋಗುತ್ತಿದ್ದರು.

ನಮ್ಮಪ್ಪ ಜೀವನವಿಡೀ ಇನ್ನೊಬ್ಬರ ಪವರ್‌ಲೂಮಿನಲ್ಲಿ ದುಡಿದವರು. ಅವರು ಹೋದ ದಿನ ಅವರ ಹೆಸರು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ನಿಂತಿತ್ತು. “ಸತ್ತಾವ್ರ ಹೆಸರು ತುಂಬಿದಂಗ ಕಾಣಬೇಕವ್ವಾ, ನೋಡಾವ್ರಿಗೆ ಚುಚ್ಚಬಾರ್ದು,” ಎಂದರು ಮಾಮಾ. ಅಪ್ಪ ದೊಡ್ಡ ಮನುಷ್ಯನಂತೆ ಕಂಡದ್ದು ಆ ದಿನ ಮಾತ್ರ. ಹಲಗೆಯ ಮುಂದೆಯೇ ಕೂತು ಅತ್ತುಬಿಟ್ಟೆ.

ಆದರೆ ನಮ್ಮ ಜನ ಎಂಥವರು! ಹಲಗೆಯ ಮೇಲಿದ್ದರೆ ಆ ಅಕ್ಷರ ಚಂದ, ತಮ್ಮ ಬಾಗಿಲಿಗೆ ಬೇಡ. “ಇದು ಸತ್ತಾವ್ರ ಅಕ್ಷರ ಐತ್ರಿ, ಒರಸ್ರಿ ಮೊದ್ಲ,” ಎಂದು ಸೀರೆ ಅಂಗಡಿಯವರು, ಮಾಮಾ ಬರೆದಿದ್ದ ಬೋರ್ಡನ್ನೇ ಅಳಿಸಲು ಹೇಳಿದರು. ಮಾಮಾ ಅದನ್ನು ಅಳಿಸಿ, ಚೂಪು ಮೂಲೆಯ ಅಕ್ಷರ ಬರೆದುಕೊಟ್ಟರು. “ಒಮ್ಮೆರ ಈ ಅಕ್ಷರ ಖುಷಿ ಇದ್ದ ಬಾಗಲದ ಮ್ಯಾಲ ಕುಂಡ್ರಬೇಕಿತ್ತವ್ವಾ,” ಎಂದು ಆಮೇಲೆ ನನ್ನ ಮುಂದೆ ಅಂದರು.

ಕೂಸುಗಳ ಅಂಗಿ, ಕುಲಾಯಿ ಹೊಲಿಯುವ ಅಂಗಡಿ ತೆರೆದಾಗ ನನಗೆ ಆ ಅಕ್ಷರವೇ ಬೇಕೆಂದೆ. ಮಾಮಾ ಗಾಬರಿಯಾದರು.

“ಹುಚ್ಚಿ ಅದೀ ಏನ? ಬಸರ ಹೆಣ್ಮಕ್ಳು ಬರೂ ಅಂಗಡಿ. ಯಾರೂ ಕಾಲಿಡೂದಿಲ್ಲ.”

“ಇಡದಿದ್ರ ಬಿಡ್ಲಿ ಮಾಮಾ. ನಮ್ಮಪ್ಪನ ಹೆಸರು ಬರದ ಕೈ ಅದು. ನನಗ ಅಪಶಕುನ ಹೆಂಗಾಗತೈತಿ?”

ಮರುದಿನ ಬಣ್ಣದ ಡಬ್ಬಿ ಹಿಡಿದು ಬಂದರು. ಬೋರ್ಡಿಗೆ ಕಿರುಬೆರಳು ಊರಿ, ಅದೇ ಗುಂಡು ಅಕ್ಷರದಲ್ಲಿ ಬರೆದರು.

ಅವರ ಮಾತು ಸುಳ್ಳಾಗಲಿಲ್ಲ. ಓಣಿಯ ಹೆಂಗಸರು ಬೋರ್ಡು ನೋಡಿ ಸೆರಗು ಸರಿಮಾಡಿಕೊಂಡು ದಾಟಿಹೋದರು. ಮಾಮಾ ದಿನವೂ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನನ್ನ ಬಾಗಿಲನ್ನೇ ನೋಡುತ್ತಿದ್ದರು. “ಅಳಿಸಿಬಿಡ್ತೇನವ್ವಾ, ನಿನ್ನ ಹೊಟ್ಟಿ ಮ್ಯಾಲ ಹೊಡದಂಗಾತು,” ಎಂದು ಅಂಗಲಾಚಿದರು. ನಾನು ಒಪ್ಪಲಿಲ್ಲ. ದೀಪಾವಳಿ ಬರುವುದರೊಳಗೆ ಹೋಗಿಬಿಟ್ಟರು, ಆ ಸಂಕಟ ಹೊತ್ತುಕೊಂಡೇ.

ಊರಿನವರ ಹೆಸರೆಲ್ಲ ಬರೆದವರ ಹೆಸರು ಬರೆಯಲು ಯಾರೂ ಇರಲಿಲ್ಲ. ಹುಡುಗರು ಹಲಗೆಯ ಮೇಲೆ ಫ್ಲೆಕ್ಸ್ ಕಟ್ಟಿದರು. ಪುಢಾರಿಗಳ ಮುಖ ದೊಡ್ಡವು, ಮಾಮಾರ ಮುಖ ಸಣ್ಣದು, ಹೆಸರು ಕಡ್ಡಿಯಂಥ ಅಕ್ಷರದಲ್ಲಿ.

ಫ್ಲೆಕ್ಸ್ ಇನ್ನೂ ಇಳಿದಿರಲಿಲ್ಲ, ಗಡಹಿಂಗ್ಲಜದಿಂದ ಈ ಊರಿಗೆ ಹೊಸದಾಗಿ ಬಂದ ಬಸುರಿಯೊಬ್ಬಳು ನನ್ನ ಬಾಗಿಲಲ್ಲಿ ನಿಂತಳು. ಚೌಕದ ಹಲಗೆಯ ಸುದ್ದಿ ಅವಳಿಗೇನು ಗೊತ್ತು? ಬೋರ್ಡು ನೋಡಿ ಮುಖ ಅರಳಿಸಿದಳು.

“ಅಕ್ಕಾರ, ಭಾಳ ಚಂದ ಬರಸೀರಿ! ಕೂಸಿನ ಗಲ್ಲ ಇದ್ದಂಗ ಅದಾವ. ಯಾರ ಬರದಾರ್ರಿ?”

“ಅಲ್ಲೆ ಕುಂತಾರ ನೋಡ್ರಿ,” ಎಂದು ಕೈ ತೋರಿಸಿಯೇಬಿಟ್ಟೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ.