ಓನರ್‌ಗೆ ಬೈಸಿದ ಜ್ವರ

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಯಿತು. ಊರಂಚಿನ ಪೆಂಡುರ್ತಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ನಲ್ಲಿಯಲ್ಲಿ ನೀರು ದಾರದ ಎಳೆಯಷ್ಟೇ ಬರುತ್ತಿತ್ತು. ಆದರೂ ಓನರ್ ಅಪ್ಪಲರಾಜುಗಾರ ಎದುರು ನಾನು ಚಕಾರ ಎತ್ತಿದವನಲ್ಲ. ಜಗಳವೆಂದರೆ ನನಗೆ ಅಷ್ಟು ಭಯ.

ಆ ಮಳೆಗಾಲ ಚಳಿಜ್ವರ ಶುರುವಾಯಿತು. ಮಾತ್ರೆ ನುಂಗಿ ಬೆವರಿದಾಗಲೆಲ್ಲ ವಾಸಿಯಾಯಿತೆಂದು ಬ್ಯಾಂಕಿಗೆ ಹೊರಡುತ್ತಿದ್ದೆ. ರಕ್ತಪರೀಕ್ಷೆಯನ್ನು ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಇದ್ದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಹರಕುಮುರುಕು ತೆಲುಗಿನಲ್ಲಿ ಓನರ್‌ಗೆ ಬಾಯಿಗೆ ಬಂದಂತೆ ಬೈದೆನಂತೆ: "ನೀರು ಬಿಡ್ತೀಯೋ, ನಿನ್ನನ್ನೇ ಟ್ಯಾಂಕಿಗೆ ಹಾಕಲೋ?" ನನಗೊಂದೂ ನೆನಪಿಲ್ಲ, ಹೆಂಡತಿ ಹೇಳಿದ್ದು. ಅವಳು ನಾಚಿಕೊಂಡು ಕ್ಷಮೆ ಕೇಳುವಷ್ಟರಲ್ಲಿ ಅವರು ಆಟೋ ಕರೆದಾಗಿತ್ತು.

"ಸಾರ್ ಬೈಯೋ ಮನುಷ್ಯರೇ ಅಲ್ಲಮ್ಮಾ. ಜ್ವರ ತಲೆಗೇರಿದೆ, ನಡೀರಿ!"

ಡಾಕ್ಟರೂ ಅದನ್ನೇ ಹೇಳಿದರು. ಮಲೇರಿಯಾ ಮಿದುಳಿಗೆ ಹೋಗಿತ್ತು. ಇನ್ನೊಂದು ದಿನ ತಡಮಾಡಿದ್ದರೆ ಜೀವ ಉಳಿಯುತ್ತಿರಲಿಲ್ಲವಂತೆ.

ಗುಣವಾಗಿ ಮನೆಗೆ ಬಂದ ಮೇಲೆ, ಬದುಕಿದ್ದೇನಲ್ಲ ಎಂಬ ಹುರುಪಿನಲ್ಲಿ ಮೊದಲ ಸಲ ಧೈರ್ಯ ಮಾಡಿದೆ. "ರಾಜುಗಾರು, ಆ ನಲ್ಲಿ ಸ್ವಲ್ಪ ರಿಪೇರಿ ಮಾಡಿಸ್ತೀರಾ?"

ಅವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿ, ನನ್ನ ಹೆಂಡತಿಯನ್ನು ಕೂಗಿದರು: "ಅಮ್ಮಾ, ಬೇಗ ಬನ್ನಿ, ಸಾರ್‌ಗೆ ಮತ್ತೆ ಶುರುವಾಯ್ತು!"