ನೊರೆ ನಿಲ್ಲುವ ತನಕ

ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ ನಾನು. ಬರೆಯುತ್ತೇನೆ. ಅಡವಯ್ಯ. ಹುಲಿಕುಂಟೆಯಿಂದ ಸಿರಾಕ್ಕೆ ಬಾಡಿಗೆ ಕಾರು ಓಡಿಸುತ್ತಿದ್ದರು. ಹೆರಿಗೆ ನೋವು ಅಂದರೆ ಉಣ್ಣುವ ತಟ್ಟೆ ಬಿಟ್ಟು ಏಳುವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಕಾರನ್ನು ಯಾರ ಕೈಗೂ ಕೊಡರು. ಡೀಸೆಲ್ ಫಿಲ್ಟರನ್ನೂ ಮನೆ ಮುಂದಿನ ಹೊಂಗೆ ಮರದ ಕೆಳಗೆ ತಾವೇ ಬದಲಾಯಿಸುವರು. ಅದೇ ಕೈಯಲ್ಲಿ ಊಟಕ್ಕೆ ಕೂರುವರು. ಆ ವಾಸನೆಗೆ ನಾನು ಬೈಯುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಎದೆನೋವು ಬಂದು ಹೋಗಿಬಿಟ್ಟರು. ಕಾರು ನಾಲ್ಕು ತಿಂಗಳು ನಿಂತೇ ಇತ್ತು. ಮಗಳು ಅನುಷಾ ಲೈಸೆನ್ಸ್ ಮಾಡಿಸಿದ್ದಾಳೆ. ಅಪ್ಪನ ಬಾಡಿಗೆ ತಾನೇ ಓಡಿಸುತ್ತೇನೆ ಅಂತ ಅವಳ ಹಟ. ಆದರೆ ಕಾರು ಸ್ಟಾರ್ಟ್ ಆದ ತಕ್ಷಣ ನಿಂತುಹೋಗುತ್ತಿತ್ತು. ಗಂಡನ ಅಣ್ಣ, ಭಾವ ನಾಗಲಿಂಗಯ್ಯ, ಕಾರು ಒಯ್ಯಲು ಗುಜರಿಯವನಿಗೆ ಹೇಳಿಯೇ ಬಿಟ್ಟರು.

"ಮದ್ಯಾನ ಬತ್ತಾನೆ. ಅಷ್ಟ್ರೊಳಗೆ ಓಡುದ್ರೆ ಇಟ್ಕಳಿ," ಅಂದರು.

ಅನುಷಾ ಸಿರಾದಿಂದ ಹೊಸ ಫಿಲ್ಟರ್ ತಂದಳು. ಹಳೆಯದನ್ನು ಬಿಚ್ಚಿದಾಗ ಕಪ್ಪು ನೀರು ಸುರಿಯಿತು. ಹೊಸದನ್ನು ಕೂರಿಸಿ ಕೀ ತಿರುಗಿಸಿದಳು. ಗರಗರ ಅಂದಿತೇ ಹೊರತು ಹತ್ತಲಿಲ್ಲ. ಇನ್ನೊಮ್ಮೆ. ಬ್ಯಾಟರಿ ಸೋಲತೊಡಗಿತು.

"ನಿಮ್ಮಪ್ಪನ್ ಜೊತೆನೇ ಅದೂ ಹೋಯ್ತು ಬುಡಮ್ಮಿ," ಅಂದರು ಜಗುಲಿಯಿಂದ ಭಾವ.

"ಸುಮ್ಕಿರಿ ಭಾವ," ಅಂದೆ. "ಲೇ ಅನುಷಾ, ಪಂಪ್ ಒತ್ತಿದ್ಯೇನೇ?"

"ಯಾವ್ ಪಂಪಮ್ಮಾ?"

ಫಿಲ್ಟರಿನ ತಲೆಯ ಮೇಲೆ ಒಂದು ಗುಂಡಿ ಇದೆ, ಅದೇ ಪಂಪು. ಫಿಲ್ಟರ್ ಬಿಚ್ಚಿದಾಗ ಒಳಹೊಕ್ಕ ಗಾಳಿ ಹೋಗದೆ ಕಾರು ಹತ್ತದು; ಅದಕ್ಕೆ ಅದನ್ನು ಒತ್ತಬೇಕು. ಇಪ್ಪತ್ತು ವರ್ಷ ಒತ್ತಿದವಳು ನಾನು. ನಮ್ಮವರು ಸ್ಪ್ಯಾನರ್ ಹಿಡಿದು, "ಒತ್ತೇ, ನೊರೆ ನಿಲ್ಲೋಗಂಟ ಒತ್ತು," ಅಂತ ಕೂಗುವರು. ಅದೂ ಒಂದು ಕೆಲಸ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಪಕ್ಕದ ಸಣ್ಣ ಸ್ಕ್ರೂ ಸಡಿಲ ಮಾಡಿಸಿ ಗುಂಡಿಗೆ ಹೆಬ್ಬೆರಳಿಟ್ಟು ಒತ್ತಿದೆ. ಸ್ಕ್ರೂ ಸಂದಿಯಿಂದ ಬರೀ ನೊರೆ. ಒತ್ತಿದೆ. ಬೆರಳು ನೋಯಿತು. ಒತ್ತಿದೆ. ನೊರೆ ನಿಂತು ತಿಳಿ ಡೀಸೆಲ್ ಬಂತು.

"ಈಗ ಬಿಗಿ ಮಾಡೇ," ಅಂದೆ. ಗುಂಡಿ ಕಲ್ಲಿನಂತೆ ಗಟ್ಟಿಯಾಯಿತು.

ಕೀ ತಿರುಗಿಸಿದಳು. ಕೆಮ್ಮಿತು. ಹತ್ತಿತು. ನಿಲ್ಲಲಿಲ್ಲ.

ಭಾವ ಜಗುಲಿಯಿಂದ ಇಳಿದು ಬಂದು, ಟವಲು ಒದರಿ, ಹಿಂದಿನ ಸೀಟಿನಲ್ಲಿ ಕೂತರು. "ನಡಿ ಮಗಾ ಸಿರಾಕ್ಕೆ. ಬರ್ಬ್ಯಾಡ ಅಂತ ಗುಜರಿಯೋನ್ಗೆ ಹೇಳ್ಬೇಕು."

"ಫೋನ್ ಮಾಡಿ ದೊಡ್ಡಪ್ಪಾ."

"ಕಾರೈತಲ್ಲ, ಫೋನ್ ಯಾಕೆ?"

ಅನುಷಾ ನಕ್ಕಳು. ಜನವರಿಯಿಂದ ಅವಳು ನಕ್ಕಿದ್ದು ನಾನು ನೋಡಿರಲಿಲ್ಲ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಊಟಕ್ಕೆ ಕೂತೆ. ಎಷ್ಟು ತೊಳೆದರೂ ಕೈಯ ಡೀಸೆಲ್ ವಾಸನೆ ಹೋಗಿರಲಿಲ್ಲ. ಹಾಗೇ ಉಂಡೆ.