ರೊಟ್ಟಿ ಬಡಿತ ನಿಂತ ಮಧ್ಯಾಹ್ನ

ಹುನಗುಂದದ ಆ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ನಾವ್ಯಾರೂ ಹೆಸರು ಹಿಡಿದು ಕರೆದವರಲ್ಲ. ಮೊದಲೇ ಬಡಿದು ಒಟ್ಟಿಡುವುದು ಆಕೆಗೆ ಆಗಿಬರದು. ಯಾರ ತಟ್ಟೆ ಖಾಲಿಯಾಯಿತೆಂದು ಒಲೆಯ ಮುಂದಿನಿಂದಲೇ ಓರೆಗಣ್ಣಿನಲ್ಲಿ ನೋಡಿ, ಆಮೇಲೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಯಾರಾದರೂ ಮಾತಿಗೆ ಬಿದ್ದರೆ, "ಆರಿ ಹೋಗ್ತೈತಿ, ಉಣ್ರೀ" ಎನ್ನುತ್ತಿದ್ದಳು.

ಅವತ್ತು ಟಿವಿಯಲ್ಲಿ ಕ್ಷಿಪಣಿ ಪರೀಕ್ಷೆಯ ಚರ್ಚೆ. ಎದುರುಬದುರು ಊಟಕ್ಕೆ ಕೂತಿದ್ದ ವಕೀಲರಿಗೂ ಮಾಸ್ತರರಿಗೂ ಅದೇ ಜಗಳವಾಯಿತು.

"ಅವರು ಒಂದು ಅಣುಬಾಂಬ್ ಹಾಕಿದ್ರ ನಾವು ಹತ್ತು ಹಾಕಬೇಕ್ರಿ!" ವಕೀಲರು ಗುಡುಗಿದರು.

"ಆಮ್ಯಾಲ ಯಾರು ಉಳೀತಾರ್ರಿ?" ಎಂದರು ಮಾಸ್ತರರು.

"ಯಾರೂ ಉಳೀದಿದ್ರೂ ಚಿಂತಿಲ್ಲ!"

ರೊಟ್ಟಿ ಬಡಿಯುವ ಸದ್ದು ನಿಂತಿತು. ಒಂದು ರೊಟ್ಟಿಯ ನಡುವೆ ಅದು ಎಂದೂ ನಿಂತದ್ದಿಲ್ಲ. ಎಲ್ಲರೂ ತಿರುಗಿ ನೋಡಿದೆವು. ಅವ್ವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಅರ್ಧ ಬಡಿದ ರೊಟ್ಟಿಯ ಮೇಲೆ ಕೈ ಇಟ್ಟುಕೊಂಡು ನಿಜವಾಗಿಯೂ ತಿಳಿಯದವಳಂತೆ ಕೇಳಿದಳು:

"ಯಾರೂ ಉಳಿಯಂಗಿಲ್ಲಂದ್ರ ಇದನ್ನ ಯಾರಿಗಿ ಬಡೀಲಿ, ಯಪ್ಪಾ?"

ವಕೀಲರು ತಮ್ಮ ತಟ್ಟೆ ನೋಡಿಕೊಂಡರು. ಆಮೇಲೆ ಎದುರಿನ ತಟ್ಟೆಯತ್ತ ಕಣ್ಣೆತ್ತಿದರು.

"ಮಾಸ್ತರ ತಾಟು ಖಾಲಿ ಆಗೇತಿ, ಯವ್ವಾ," ಎಂದರು ಮೆಲ್ಲಗೆ.